ಕಿಡಕಿ ಇಲ್ಲದ ಮನೆ

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಬಸಂತರಾಯ ಮಾಸ್ತರು ಪದವೀಧರರಿಗೆ ಮನಶ್ಶಾಸ್ತ್ರ ಕಲಿಸುವವರಾದದ್ದು ಹಾಗೆಯೇ. ನಿಡಗುಂದಿ ಕಡೆಯ ಮನುಷ್ಯ. ಓದಿದ್ದು ಮೆಟ್ರಿಕ್, ಅದರ ಮೇಲೆ ಎರಡು ಡ್ರಾಯಿಂಗ್ ಪರೀಕ್ಷೆ, ಅಷ್ಟೆ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಹದಿನೇಳು ವರ್ಷ ಹುಡುಗರಿಂದ ಹೂಜಿ, ಮಾವಿನಕಾಯಿ, ಬಾಳೆಗೊನೆ ಬರೆಸಿದವರು. 1974ರಲ್ಲಿ ಊರ ದೊಡ್ಡವರು ಕೂಡಿ ಒಂದು ಬಿ.ಎಡ್. ಕಾಲೇಜು ತೆರೆದರು. ಈಗ ಅದು ಇಲ್ಲ. ಯಾಕೆ ಮುಚ್ಚಿತು ಅನ್ನುವುದು ಬೇರೆಯೇ ರಾಮಾಯಣ. ಮನಶ್ಶಾಸ್ತ್ರಕ್ಕೆಂದು ಬಂದಿದ್ದ ಲೆಕ್ಚರರು ಇಲ್ಲಿಯ ಬಿಸಿಲಿಗೂ ಸವಳು ನೀರಿಗೂ ಹೆದರಿ ಮೂರೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿದ. ಅಷ್ಟರಲ್ಲಿ ಪುಣೆಯಿಂದ ಕಾಗದ ಬಂತು: ಮಕ್ಕಳಿಗೆ ಸಲಹೆ ಕೊಡುವ ಬಗೆ, ಚಿತ್ರ ಬರೆಸಿ ಅವರ ಮನಸ್ಸಿನ ನೋವು ತಿಳಿಯುವ ಬಗೆ, ಹದಿನೈದು ದಿನದ ಶಿಬಿರ, ಒಬ್ಬರನ್ನು ಕಳಿಸಿ ಅಂತ.

"ಚಿತ್ರ ಅಂದಮ್ಯಾಲ ಅದು ನಿಮ್ಮದ ಕೆಲಸ. ಹೋಗಿ ಬರ್ರಿ ಬಸಂತರಾಯ್ರ," ಕಾಲೇಜಿನಲ್ಲೂ ಆಗಾಗ ಡ್ರಾಯಿಂಗ್ ತಾಸು ತೆಗೆದುಕೊಳ್ಳುತ್ತಿದ್ದ ಇವರಿಗೆ ಅಂದರು ಪ್ರಿನ್ಸಿಪಾಲ ರಾವಸಾಬರು.

ಹೋಗಿ ಬಂದರು. ಬರುವಾಗ ಚೀಲದಲ್ಲಿ ಸೈಕ್ಲೋಸ್ಟೈಲ್ ಮಾಡಿದ ಅರವತ್ತು ಪುಟದ ನೋಟ್ಸು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ಮೊದಲಿನ ಹತ್ತು ಪುಟ ಕಷ್ಟವೆನಿಸಿ ಬಿಟ್ಟರು. ಹನ್ನೊಂದನೆಯ ಪುಟದ ಕೋಷ್ಟಕ ಮಾತ್ರ ಚೆನ್ನಾಗಿ ತಿಳಿಯಿತು. ಡಿಕ್ಷನರಿ ಹಿಡಿದು ಅದನ್ನು ಕನ್ನಡಕ್ಕೆ ಇಳಿಸಿ, ತಮ್ಮ ಕೈಯಿಂದಲೇ ಆಳೆತ್ತರದ ಪಟ ಬರೆದರು. ಎಡಕ್ಕೆ ಚಿತ್ರ, ಬಲಕ್ಕೆ ಅರ್ಥ. ಕಿಡಕಿ ಇಲ್ಲದ ಮನೆ ಬರೆದರೆ ಮುಚ್ಚಿದ ಮನಸ್ಸು. ಟೊಂಗೆ ಕಡಿದ ಗಿಡ ಬರೆದರೆ ಎಳವೆಯಲ್ಲಿ ಬಿದ್ದ ಪೆಟ್ಟು. ಕೈ ಇಲ್ಲದ ಮನುಷ್ಯನನ್ನು ಬರೆದರೆ, ಆ ಮನುಷ್ಯನಿಗೆ ಮಗು ಅಂಜುತ್ತದೆ.

ತರಗತಿಯಲ್ಲಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ನಲವತ್ತು ಮಂದಿ ಬಿ.ಎ., ಬಿ.ಎಸ್ಸಿ. ಪಾಸಾದವರು. ಮೊದಲು ಇವರನ್ನು ಕಂಡರೆ "ಬಣ್ಣದ ಮಾಸ್ತರ ಬಂದ" ಅಂತ ಬೆನ್ನ ಹಿಂದೆ ಕಿಸಿಕಿಸಿ ನಗುತ್ತಿದ್ದವರು. ಪಟ ತೂಗುಹಾಕಿದ ದಿನ ಒಬ್ಬನೂ ಕೆಮ್ಮಲಿಲ್ಲ. ಬರೆದುಕೊಂಡರು, ಬರೆದುಕೊಂಡರು, ಶಾಯಿ ತೀರುವ ತನಕ ಬರೆದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ! ಆದರೆ ಆ ಮೌನದಲ್ಲಿ ನಿಂತ ಬಸಂತರಾಯರಿಗೆ ಆದ ಸುಖ ಏನು ಹೇಳಲಿ. ಡಿಗ್ರಿ ಇಲ್ಲ ಅನ್ನುವ ಮುಳ್ಳು ಹದಿನೇಳು ವರ್ಷ ಅಂಗಾಲಿನಲ್ಲಿ ಮುರಿದುಕೊಂಡು ಕೂತಿತ್ತು. ಅವತ್ತು ಅದು ತಾನಾಗಿ ಹೊರಗೆ ಬಂದಂತಾಯಿತು.

ಆ ನಲವತ್ತರಲ್ಲಿ ಪರಮಾನಂದ ಅಂತ ಸಿಂದಗಿಯ ಹುಡುಗ ಬಹಳ ನಿಷ್ಠೆಯವನು. ಪಾಠದ ಅಭ್ಯಾಸಕ್ಕೆಂದು ಊರ ಹೊರಗಿನ ಒಂದು ಸಣ್ಣ ಸಾಲಿಗೆ ಅವನನ್ನು ಹಾಕಿದ್ದರು. ಅಲ್ಲಿ ಐದನೆಯ ಇಯತ್ತೆಯ ಮಕ್ಕಳಿಂದ ಮನೆ, ಗಿಡ, ಮನುಷ್ಯ ಬರೆಸಿದ. ಕುರುಬರ ಅಮಸಿದ್ದನ ಮಗಳು ಚಂದವ್ವ, ಹನ್ನೊಂದು ವರ್ಷದವಳು, ಮಾತು ಕಡಿಮೆ. ಅವಳ ಹಾಳೆಯಲ್ಲಿ ಪಟದೊಳಗಿನ ಮೂರೂ ದೋಷ ಒಂದೇ ಕಡೆ ಕೂತಿದ್ದವು: ಕಿಡಕಿ ಇಲ್ಲದ ಮನೆ, ಟೊಂಗೆ ಕಡಿದ ಗಿಡ, ಕೈ ಇಲ್ಲದ ಮನುಷ್ಯ. ಮನುಷ್ಯನ ಕೆಳಗೆ "ನಮ್ಮ ಅಪ್ಪ" ಅಂತ ಬೇರೆ ಬರೆದಿದ್ದಳು.

ಪರಮಾನಂದ ಆರು ಪುಟದ ವರದಿ ಬರೆದ. ಬಸಂತರಾಯರು ಓದಿ ಇಪ್ಪತ್ತೈದಕ್ಕೆ ಇಪ್ಪತ್ಮೂರು ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ಕೆಂಪು ಶಾಯಿಯಲ್ಲಿ, ತಮ್ಮ ದುಂಡು ಅಕ್ಷರದಲ್ಲಿ, "ತಂದೆಯನ್ನು ಕರೆಸಿ ತಿಳಿಸತಕ್ಕದ್ದು" ಅಂತ ಒಂದು ಸಾಲು ಸೇರಿಸಿದರು. ಬರೆಯುವಾಗ ಅವರಿಗೆ ತಾವೊಬ್ಬ ಡಾಕ್ಟರರು ಅನಿಸಿತ್ತಂತೆ. ಮುಂದೆ ಅವರೇ ಹೆಂಡತಿಯ ಮುಂದೆ ಒಪ್ಪಿಕೊಂಡ ಮಾತು ಇದು.

ಸಾಲಿಯ ಹೆಡ್‌ಮಾಸ್ತರರು ಅಮಸಿದ್ದನನ್ನು ಕರೆಸಿದರು. ಒಳಗೆ ಕೂರಿಸಿ ಹೇಳುವುದು ಬಿಟ್ಟು, ಸಾಲಿ ಕಟ್ಟೆಯ ಮೇಲೆ, ಎಲ್ಲ ಮಕ್ಕಳ ಎದುರಿಗೆ, ವರದಿಯ ಆರು ಪುಟವನ್ನು ಒಂದೇ ಮಾತಿಗೆ ಇಳಿಸಿಬಿಟ್ಟರು.

"ಕಿಡಕಿ ಇಲ್ಲದ ಮನಿ, ಟೊಂಗಿ ಇಲ್ಲದ ಗಿಡ, ಕೈ ಇಲ್ಲದ ಅಪ್ಪನ್ನ ಬರದಾಳ, ನಿನ್ನ ಮಗಳ ತಲಿ ಸರಿ ಇಲ್ಲಪಾ. ನಿನಗ ಅಂಜಿ ಹಂಗ ಆಗೇತಂತ. ಕಾಲೇಜಿನವರು ಬರದು ಕೊಟ್ಟಾರ ನೋಡು."

ಅಮಸಿದ್ದ ಮಕ್ಕಳ ನಡುವೆ ಹೋಗಿ ಮಗಳ ಕೈ ಹಿಡಿದ, ಪಾಟಿಯನ್ನು ಅಲ್ಲೇ ಬಿಟ್ಟು ಕರೆದುಕೊಂಡು ನಡೆದ. ಮರುದಿನದಿಂದ ಚಂದವ್ವ ಸಾಲಿಗೆ ಬರಲಿಲ್ಲ. ನೀರಿಗೆ ಹೋದರೆ ಓಣಿಯ ಹುಡುಗರು "ಕಿಡಕಿ ಇಲ್ಲದ ಚಂದಿ, ಕಿಡಕಿ ಇಲ್ಲದ ಚಂದಿ" ಅಂತ ಬೆನ್ನು ಹತ್ತಿದರು. ಬಸಂತರಾಯರಿಗೆ ಇದು ಗೊತ್ತಾಗುವುದಕ್ಕೆ ಎರಡು ವಾರ ಹಿಡಿಯಿತು. ಗೊತ್ತಾದಾಗ ಮನಸ್ಸು ಸ್ವಲ್ಪ ಕಸಿವಿಸಿಯಾಯಿತು ನಿಜ. ಆದರೂ ರೋಗ ಇದ್ದದ್ದಕ್ಕೆ ನಾವೇನು ಮಾಡುವುದು ಅಂದುಕೊಂಡರು.

ವಿಶ್ವವಿದ್ಯಾಲಯದ ತನಿಖಾ ಸಮಿತಿ ಬರುವುದಿತ್ತು. ಚಂದವ್ವನ ಚಿತ್ರವನ್ನೂ ಪರಮಾನಂದನ ವರದಿಯನ್ನೂ ರಟ್ಟಿಗೆ ಅಂಟಿಸಿ ತೋರಿಸಬೇಕು ಅಂತ ಪ್ರಿನ್ಸಿಪಾಲರ ಆಸೆ. ಅಂಟಿಸುವುದಕ್ಕೆಂದು ಮಾಸ್ತರು ಮನೆಗೆ ತಂದರು. ಹೆಂಡತಿ ರೇಣವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿ ನಕ್ಕಳು.

"ಯಾವ ಹುಡುಗಿ ಬರದೈತ್ರಿ ಇದನ? ಚಂದ ಬರದೈತಿ. ಕುರುಬಪ್ಪ ಕಂಬಳಿ ಕೊಪ್ಪಿ ಹಾಕ್ಕೊಂಡು ಹೆಂಗ ನಿಂತಾನ ನೋಡ್ರಿ."

"ಕೊಪ್ಪಿ? ಎಲ್ಲಿ ಕೊಪ್ಪಿ? ಆ ಮನಷ್ಯಾಗ ಕೈ ಇಲ್ಲ."

"ಅಯ್ಯ ಶಿವನ! ಚಳಿಯಾಗ ಕಂಬಳಿ ಹೊರಗ ಕೈ ಇಟ್ಕೊಂಡು ನಿಂದರ್ತಾನೇನ್ರಿ?"

ಮಾಸ್ತರು ಹಾಳೆಯನ್ನು ಬೆಳಕಿಗೆ ಹಿಡಿದರು. ಹೌದು. ತಲೆಯ ಮೇಲೆ ಚೂಪಾಗಿ ಮಡಚಿದ ಕಂಬಳಿ, ಕೆಳಗೆ ಮೊಳಕಾಲಿನ ತನಕ ಇಳಿಬಿದ್ದದ್ದು. "ಮತ್ತ ಈ ಗಿಡ?" ಅಂದರು, ದನಿ ಆಗಲೇ ಇಳಿದಿತ್ತು.

"ಜಾಲಿ ಗಿಡ. ಮರಿಗೋಳಿಗೆ ಹಾಕಾಕ ಟೊಂಗಿ ಕಡದಾರ. ಕುರಿ ಕಾಯವರು ಮತ್ತೇನ್ ಮಾಡ್ತಾರ?"

"ಮನಿಗೆ ಕಿಡಕಿ ಇಲ್ಲಲ್ಲಾ ರೇಣಾ."

ರೇಣವ್ವ ರೊಟ್ಟಿ ತಿರುವಿ ಹಾಕಿ ಗಂಡನ ಮುಖವನ್ನೇ ನೋಡಿದಳು. "ನಿಮಗೇನರ ಆಗೇತೇನ್ರಿ? ನಿಡಗುಂದ್ಯಾಗ ನಿಮ್ಮ ಅವ್ವನ ಮನಿಗೆ ಎಷ್ಟ ಕಿಡಕಿ ಅದಾವ?"

ಒಂದೂ ಇಲ್ಲ. ಮಣ್ಣಿನ ಮಾಳಿಗೆ ಮನೆ, ನಡುವೆ ಮಾಳಿಗೆಗೆ ಬಿಟ್ಟ ಒಂದು ಬೆಳಕಿಂಡಿ. ಆ ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ಸರಿಯುವುದನ್ನು ಇದ್ದಿಲಿನಿಂದ ಗೆರೆ ಎಳೆದು ಹಿಂಬಾಲಿಸಿದ್ದೇ ಅವರ ಮೊದಲನೆಯ ಚಿತ್ರ. ಆ ಮನೆಯಲ್ಲಿ ಹುಟ್ಟಿದ ಮನುಷ್ಯ ನಲವತ್ತು ಮಂದಿಯ ಎದುರು ನಿಂತು ಇಂಥ ಮನೆ ಬರೆದ ಮಗುವಿಗೆ ರೋಗ ಅಂತ ಹೇಳಿದ್ದ! ಬಸಂತರಾಯರು ರೊಟ್ಟಿ ಬಿಟ್ಟು ಎದ್ದರು. ಡಿಕ್ಷನರಿ ತೆಗೆದು, ಬಿಟ್ಟಿದ್ದ ಹತ್ತು ಪುಟ ಬಿಡಿಸಿ ಬಿಡಿಸಿ ಓದಿದರು. ಮೊದಲನೆಯ ಪುಟದಲ್ಲೇ ಇತ್ತು: ಚಿತ್ರ ಬರೆದ ಮಗುವನ್ನೇ ಮೊದಲು ಕೇಳಿ, ಕೇಳದೆ ಯಾವ ಅರ್ಥವನ್ನೂ ಹಚ್ಚಬೇಡಿ.

ಮರುದಿನ ಬೆಳಿಗ್ಗೆ ಹೊಲದಲ್ಲಿದ್ದ ಅಮಸಿದ್ದನ ಕುರಿದಡ್ಡಿಗೆ ಹೋದರು. ಚಂದವ್ವ ಒಂದು ಮರಿಗೆ ಹಾಲು ಕುಡಿಸುತ್ತ ಕೂತಿದ್ದಳು. ಇವರನ್ನು ಕಂಡು ಅಪ್ಪನ ಬೆನ್ನಿಗೆ ಸರಿದಳು. ಅಂಜುವ ಮಗು ಅಂಜಿಸುವವನ ಬೆನ್ನಿಗೆ ಸರಿಯುತ್ತದೆಯೇ? ಅದನ್ನು ಮೊದಲೇ ಬಂದು ನೋಡಿದ್ದರೆ ಸಾಕಿತ್ತು.

"ಅಮಸಿದ್ದಣ್ಣ, ತಪ್ಪ ನಂದು. ಹುಡುಗಿ ಶ್ಯಾಣ್ಯಾಕಿ ಅದಾಳ. ಸಾಲಿಗೆ ಕಳಸು," ಅಂದರು ಮಾಸ್ತರು.

"ಹೋದ ತಿಂಗಳ ಹುಚ್ಚಿ ಅಂದ್ರಿ. ಈಗ ಶ್ಯಾಣ್ಯಾಕಿ ಅಂತೀರಿ. ಮುಂದಿನ ತಿಂಗಳ ಏನ್ ಅಂತೀರೋ ಯಾರಿಗ್ಗೊತ್ತ್ರಿ?" ಅಮಸಿದ್ದನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಮಾಸ್ತರಿಗೆ ಹೆಚ್ಚು ಚುಚ್ಚಿತು. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನನ್ನ ಮುಂದ ದಡ್ಡ್ಯಾಗ ಬಂದು ಹೇಳಿದ್ರ ಏನ್ ಬಂತ್ರಿ? ಎಲ್ಲಿ ಅಂದ್ರೋ ಅಲ್ಲೇ ಅನ್ರಿ. ಐತವಾರ ನಾವು ಕುರಿ ಹೊಡ್ಕೊಂಡು ಹೊಳಿ ಕಡೆ ಹೊಂಟೇವಿ. ಅಷ್ಟರಾಗ ಅಂದ್ರ ಹುಡುಗಿನ್ನ ಅವರಜ್ಜಿ ರೇವವ್ವನ ಹಂತ್ಯಾಕ ಬಿಟ್ಟ ಹೋಗ್ತೇನಿ. ಇಲ್ಲಂದ್ರ ನಮ್ಮ ಕೂಡ ಬರ್ತಾಳ."

ಅವತ್ತು ಬುಧವಾರ. ಸಮಿತಿ ಬರುವುದು ಸೋಮವಾರ. ಮಾಸ್ತರು ಪ್ರಿನ್ಸಿಪಾಲರ ಹತ್ತಿರ ಓಡಿದರು.

"ಹೇಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಸೋಮವಾರ ಮುಗಿಯೂತನಕ ತಡೀರಿ," ಅಂದರು ರಾವಸಾಬರು. "ಈಗ ನೀವು ತಪ್ಪಾತು ಅಂದ್ರ ಸಮಿತಿಯವರು ಮೊದಲ ಕೇಳೂದು, ಮೆಟ್ರಿಕ್ ಆದವನ್ನ ಈ ವಿಷಯಕ್ಕ ಯಾಕ ಹಾಕೀರಿ ಅಂತ. ವಿಚಾರ ಮಾಡ್ರಿ."

ವಿಚಾರ ಮಾಡಿದರು. ಗುರುವಾರ ವಿಚಾರ ಮಾಡಿದರು, ಶುಕ್ರವಾರವೂ ವಿಚಾರ ಮಾಡಿದರು. ಇವರನ್ನು ದೇವರು ಅಂತ ನಾನೇನೂ ಹೇಳುವುದಿಲ್ಲ. ಆ ಎರಡು ದಿನ ಅವರ ಮನಸ್ಸು ಹುಡುಗಿಗಿಂತ ಹೆಚ್ಚು ತನ್ನ ಕುರ್ಚಿಯನ್ನೇ ನೆನೆಯಿತು. ನಲವತ್ತು ಮಂದಿ ಎದ್ದು ನಿಂತು ನಮಸ್ಕಾರ ಅನ್ನುವುದು, ಆ ಮೌನ, ಅದನ್ನು ಕಳೆದುಕೊಂಡು ಮತ್ತೆ ಹೂಜಿ ಬರೆಸುವುದು. ತಡೆದುಕೊಳ್ಳುವುದು ಕಷ್ಟವಿತ್ತು. ಕೊನೆಗೆ ರೇಣವ್ವ ಒಂದೇ ಮಾತು ಅಂದಳು. "ಐತವಾರ ಆದಮ್ಯಾಲ ಹೇಳೂದು ಯಾರಿಗ್ರೀ? ಗ್ವಾಡಿಗೇನು?"

ಶನಿವಾರ ಬೆಳಗಿನ ಸಾಲಿ. ಪಟ ಸುತ್ತಿ ಹೆಗಲ ಮೇಲೆ ಹೊತ್ತು, ನಲವತ್ತೂ ಪದವೀಧರರನ್ನು ಕರೆದುಕೊಂಡು, ಬಸಂತರಾಯರು ಅದೇ ಕಟ್ಟೆಯ ಮೇಲೆ ನಿಂತರು. ಹೇಳಿ ಕಳಿಸಿದ್ದಕ್ಕೆ ಅಮಸಿದ್ದ ಮಗಳನ್ನು ಕರೆದುಕೊಂಡು ಬಂದು ಬೇವಿನ ಗಿಡದ ಕೆಳಗೆ ದೂರವೇ ನಿಂತಿದ್ದ. ಮಾಸ್ತರು ಪಟ ಬಿಚ್ಚಿ ಗೋಡೆಗೆ ತೂಗುಹಾಕಿದರು.

"ಮಕ್ಕಳ, ಯಾರ ಮನಿಗೆ ಕಿಡಕಿ ಇಲ್ಲ, ಕೈ ಎತ್ರಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಮಾಸ್ತರು ತಮ್ಮ ಕೈ ಎತ್ತಿದರು. ಆಮೇಲೆ ಒಂದು, ಎರಡು, ಹತ್ತು. ಗೌಡರ ಮನೆಯ ಇಬ್ಬರನ್ನು ಬಿಟ್ಟು ಎಲ್ಲರ ಕೈ ಮೇಲೆ ಬಂದವು. ಹಿಂದೆ ನಿಂತ ಪದವೀಧರರಲ್ಲಿ ಅರ್ಧ ಮಂದಿ ಎತ್ತಿದರು. ಪರಮಾನಂದ ನೆಲ ನೋಡುತ್ತಿದ್ದ, ಅವನದೂ ಎದ್ದಿತು.

"ಈ ಪಟಾ ತಪ್ಪು. ಬರದಾವ ನಾನು. ಚಂದವ್ವಗ ಏನೂ ಆಗಿಲ್ಲ, ಕಣ್ಣಿಲೆ ಕಂಡದ್ದನ್ನ ಬರದಾಳ. ಓದಾಕ ಬರಲಾರದಾವ ನಾನು. ಇಲ್ಲೇ ಅಂದಿದ್ದ ಮಾತು, ಇಲ್ಲೇ ಹಿಂದ ತಗೊಂಡೇನಿ." ಅಮಸಿದ್ದನ ಕಡೆ ತಿರುಗಿ ಕೈ ಮುಗಿದರು.

ದಾರಿಯಲ್ಲಿ ಪರಮಾನಂದ ಹತ್ತಿರ ಬಂದು, "ನೀವ ಇಪ್ಪತ್ಮೂರು ಕೊಟ್ಟಿದ್ರಿ ಸರ್," ಅಂದ. ಅವನ ಕಣ್ಣು ತುಂಬಿದ್ದವು.

ಸೋಮವಾರ ಸಮಿತಿಯವರು ಬಂದು ಹೋದರು. ಮಂಗಳವಾರ ಬಸಂತರಾಯರು ಮತ್ತೆ ಹೈಸ್ಕೂಲಿನ ಹೂಜಿ, ಮಾವಿನಕಾಯಿಗೆ ಬಂದರು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಆದರೆ ಅಮಸಿದ್ದ ಆಡಿದ ಮಾತಿಗೆ ತಪ್ಪಲಿಲ್ಲ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದ. ಚಂದವ್ವ ಸಾಲಿಗೆ ಬಂದಳು ಅಂತ ಕೇಳಿ ಮಾಸ್ತರರ ಎದೆಯ ಮೇಲಿನ ಕಲ್ಲು ಇಳಿಯಿತು. ನೋಡಿಯೇ ಬರಬೇಕು ಅಂತ ಮುಂದಿನ ಶನಿವಾರ ಬಣ್ಣದ ಬಳಪದ ಡಬ್ಬಿ ಹಿಡಿದು ಹೋದರು. ಹೆಡ್‌ಮಾಸ್ತರರು ತಾವೇ ಮುಂದಾಗಿ ಅವಳನ್ನು ಕಟ್ಟೆಗೆ ಕರೆದು ಕೂರಿಸಿದರು.

"ನಿನಗ ಬೇಕಾದ್ದ ಬರಿ ಅವ್ವಾ. ಯಾರೂ ನೋಡೂದಿಲ್ಲ, ಯಾರೂ ಅಂಕ ಹಾಕೂದಿಲ್ಲ," ಅಂದರು ಮಾಸ್ತರು.

ಚಂದವ್ವ ಪಾಟಿ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಬರೆದಳು. ತುಟಿ ಕಚ್ಚಿಕೊಂಡು, ಎರಡು ಸಲ ಅಳಿಸಿ, ಮತ್ತೆ ಬರೆದಳು. ತಿರುಗಿಸಿ ತೋರಿಸಿದಳು. ಮನೆ, ಮನೆಗೆ ನಾಲ್ಕು ಕಿಡಕಿ. ಗಿಡ, ಗಿಡದ ತುಂಬ ಟೊಂಗೆ, ಟೊಂಗೆಯ ತುಂಬ ಎಲೆ. ಅಪ್ಪ, ಅಪ್ಪನ ಮೈಮೇಲೆ ಕಂಬಳಿ ಇಲ್ಲ, ಎರಡು ಉದ್ದನೆಯ ಕೈ, ಒಂದೊಂದು ಕೈಗೂ ಎಣಿಸಿ ಹಾಕಿದ ಐದೈದು ಬೆರಳು.

"ಈಗ ಬರೋಬರಿ ಐತೇನ್ರಿ ಗುರುಗಳ?"

ಬಸಂತರಾಯರು ಅವಳ ಕೈಯಿಂದ ಬಳಪ ಇಸಿದುಕೊಂಡು ಪಾಟಿಯ ಹಿಂಬದಿಗೆ ತಮ್ಮ ಅವ್ವನ ಮನೆ ಬರೆದರು: ಮಣ್ಣಿನ ಗೋಡೆ, ಸಪಾಟ ಮಾಳಿಗೆ, ಒಂದು ಬಾಗಿಲು, ಮೇಲೆ ಬೆಳಕಿಂಡಿ.

"ಇದು ನನ್ನ ಮನಿ. ನಾ ಹುಟ್ಟಿದ ಮನಿ. ಚಂದ ಐತಿಲ್ಲ?"

ಚಂದವ್ವ ನೋಡಿದಳು. ಹೆಡ್‌ಮಾಸ್ತರರು ಎಲ್ಲಿದ್ದಾರೆ ಅಂತ ಒಮ್ಮೆ ಹೊರಳಿ ನೋಡಿ, ಮಾಸ್ತರರ ಹತ್ತಿರ ಸರಿದು, ಮೆಲ್ಲಗೆ ಅಂದಳು.

"ಕಿಡಕಿ ಹಾಕ್ರಿ ಗುರುಗಳ. ಇಲ್ಲಂದ್ರ ನಿಮಗೂ ಹುಚ್ಚ ಅಂತಾರ."