ಹೂವಿನ ಮೊಳಕ್ಕೆ ಸಿಕ್ಕಿಬಿದ್ದ ಫುಟ್‌ಪಾತ್

ಹೂ ಮಾರುವ ಈರಮ್ಮ ಮಾನ್ವಿಯ ನಮ್ಮ ವಾರ್ಡಿನ ಹೊಸ ಫುಟ್‌ಪಾತ್ ಮೇಲೆ ಕುಕ್ಕರಗಾಲಲ್ಲಿ ಕೂತು, ಮೊಳಗೈ ಊರಿ ಅಳೆಯತೊಡಗಿದಳು. ಐದು ಅಡಿ, ಅಂದರೆ ಮೂರು ಮೊಳಕ್ಕೂ ಮಿಕ್ಕಿ, ಅಗಲವಿದೆಯೆಂದು ಬರೆದ ಕಾಗದಕ್ಕೆ ವಾರ್ಡ್ ಸಮಿತಿಯವಳಾದ ನನ್ನ ಸಹಿ ಕೇಳಲು ಎಂಜಿನಿಯರ್ ಬಂದಿದ್ದರು. ನಡೆಯುವವರಿಗೆ ಅಡ್ಡಿಯೆಂದು ಅವಳ ಬುಟ್ಟಿಯನ್ನು ಆಗಲೇ ಎತ್ತಿಸಿದ್ದರು.

ರಸ್ತೆಯಂಚಿನಿಂದ, ಫುಟ್‌ಪಾತ್ ಮೇಲೇ ನಿಂತಿದ್ದ ಟ್ರಾನ್ಸ್‌ಫಾರ್ಮರ್ ಕಟ್ಟೆಯವರೆಗೆ ಒಂದೇ ಮೊಳ ಬಂತು.

"ಸಾಹೇಬ್ರ, ಮೂರು ಮೊಳ ಅಂತ್ಹೇಳಿ ಒಂದು ಮೊಳ ಹೂ ಕೊಟ್ರ ನಿಮ್ಮ ಮನ್ಯಾಗ ಸುಮ್ನಿರ್ತಾರೇನ್ರೀ?"

"ನೀ ಬಾಯಿ ಮುಚ್ಚಬೇ. ಮೇಡಂ, ನೀವು ಸಹಿ ಹಾಕ್ರಿ."

ನಾನು ಪೆನ್ನು ಮುಚ್ಚಿ ಕಾಗದ ವಾಪಸು ಕೊಟ್ಟೆ.

ಮರುದಿನ ಬೇರೆ ಯಾರೋ ಸಹಿ ಹಾಕಿದರಂತೆ. ದಿನಾ ಸಂಜೆ ಹಾಲಿನ ತಂಬಿಗೆ ಹಿಡಿದು, ಆ ಕಟ್ಟೆ ದಾಟಲು ಟ್ರ್ಯಾಕ್ಟರುಗಳ ನಡುವೆ ರಸ್ತೆಗಿಳಿಯುತ್ತೇನೆ. ಅಡ್ಡಿಯೆಂದು ಎತ್ತಿಸಿದ್ದು ಮಾತ್ರ ಈರಮ್ಮನ ಬುಟ್ಟಿಯನ್ನು.