ಕುಶಲಕ್ಕನ ಮಗಳ ಹೆಸರು

ಬಿಕರ್ನಕಟ್ಟೆಯಲ್ಲಿ ರವಿಕೆ ಹೊಲಿಯುವ ಕುಶಲಕ್ಕನನ್ನು ಕಂಡರೆ ಕೆಲವರು ದಾರಿ ಬದಲಿಸುತ್ತಿದ್ದರು. ಅಳತೆ ಕೊಡಲು ಹೋದವರಿಗೂ ಡೈನೋಸಾರಿನ ಕತೆ ತಪ್ಪಿದ್ದಲ್ಲ. ನಗುವವರು ನಗಲಿ ಮಾರಾಯರೆ, ಇದ್ದೊಬ್ಬ ಮಗಳನ್ನು ಡೆಂಗ್ಯೂ ಜ್ವರದಲ್ಲಿ ಕಳಕೊಂಡ ಹೆಂಗಸು ಮತ್ತೆಂತ ಮಾತಾಡಬೇಕು?

ಮಗಳು ನಿರೀಕ್ಷಾ ಉದ್ದ ಕುತ್ತಿಗೆಯ ಡೈನೋಸಾರುಗಳ ಎಲುಬು ನೋಡಿ, ಯಾವುದು ಯಾವ ಗುಂಪಿನದು ಎಂದು ವಿಂಗಡಿಸುವ ಸಂಶೋಧನೆಯಲ್ಲಿದ್ದಳು. ಗಾತ್ರ ನೋಡುವುದಲ್ಲ ಅಮ್ಮ, ಒಂದೇ ಮೂಲದಿಂದ ಬಂದವೆಲ್ಲ ಒಂದು ಗುಂಪು ಎಂದು ಅವಳು ವಿವರಿಸಿದರೆ, "ಹಾಗಾದರೆ ಬರಿ ನೋಡುವುದು ಅಂತ ಹೇಳು" ಎನ್ನುತ್ತಿದ್ದಳು ಕುಶಲಕ್ಕ. ಬರಿ ಎಂದರೆ ತುಳುವರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಒಂದೇ ಬರಿಯವರೊಳಗೆ ಮದುವೆ ಇಲ್ಲ.

ನಿರೀಕ್ಷಾ ಅಗೆದು ತೆಗೆದ ಒಂದು ಕುತ್ತಿಗೆ ಎಲುಬು ಈವರೆಗೆ ಯಾರೂ ಹೆಸರಿಡದ ಪ್ರಾಣಿಯದು ಎಂದು ಎಲ್ಲರಿಗೂ ಅನಿಸಿತ್ತು. ಅವಳು ಹೋದ ಮೇಲೆ ಅವಳ ಮಾರ್ಗದರ್ಶಕಿ ರೇಚಲ್ ಮೇಡಂ ಮನೆಗೆ ಬಂದು, ಆ ಪ್ರಾಣಿಗೆ ನಿರೀಕ್ಷಾಳ ಹೆಸರನ್ನೇ ಇಡುತ್ತೇವೆ ಎಂದರು. ಕುಶಲಕ್ಕ ಆ ಮಾತನ್ನು ಹಿಡಿದುಕೊಂಡೇ ಎರಡು ವರ್ಷ ಉಸಿರಾಡಿದಳು.

ಸತ್ತವರ ಕಾರ್ಯ ಮಾಡುವ ಆಟಿ ತಿಂಗಳಲ್ಲಿ ತಮ್ಮ ಗುಣಪಾಲ ನಿರೀಕ್ಷಾಳಿಗೆ ಒಂದು ಸಂಬಂಧ ತಂದ. ಮದುವೆಯಾಗದೆ ಸತ್ತವರಿಗೆ ಸತ್ತವರನ್ನೇ ನೋಡಿ ಮದುವೆ ಮಾಡಿಸುವುದು ಇಲ್ಲಿಯ ಕ್ರಮ. ಹುಡುಗ ಅತ್ತಾವರದವನು, ಬೈಕ್ ಅಪಘಾತದಲ್ಲಿ ತೀರಿಹೋದವನು, ಬರಿ ಬೇರೆ. ಕುಶಲಕ್ಕನಿಗೆ ಪಿತ್ತ ನೆತ್ತಿಗೇರಿತು. "ಅವಳ ಹೆಸರು ಪುಸ್ತಕದಲ್ಲಿ ಬರ್ಲಿಕ್ಕುಂಟು. ಸತ್ತವಳು ಅಂತ ಹಸೆಗೆ ಕೂರಿಸಲು ನಾನು ಬಿಡುದಿಲ್ಲ" ಎಂದು ತಮ್ಮನನ್ನು ಬಾಗಿಲಿನಿಂದಲೇ ಕಳಿಸಿದಳು.

ವಾರ ಕಳೆಯುವುದರೊಳಗೆ ರೇಚಲ್ ಮೇಡಂ ಫೋನ್ ಮಾಡಿದರು. ಎಲುಬನ್ನು ಕೊಯ್ದು ನೋಡಿದರೆ ಅದು ಮರಿಯದು. ಹಿಂದೆಯೇ ಹೆಸರಿಟ್ಟ ಪ್ರಾಣಿಯ ಮರಿ. ಒಂದು ಪ್ರಾಣಿಗೆ ಎರಡು ಹೆಸರಿಲ್ಲ, ಮೊದಲು ಇಟ್ಟದ್ದೇ ನಿಲ್ಲುತ್ತದೆ.

"ಮರಿಯಾ?" ಎಂದಳು ಕುಶಲಕ್ಕ.

"ಹೌದು ಅಮ್ಮ. ನಾನು ಮೊದಲೇ ನಿಮ್ಮಲ್ಲಿ ಹೇಳಬಾರದಿತ್ತು."

ಫೋನಿಟ್ಟು, ಹೊಲಿಗೆ ಮಿಷನಿನ ಮೇಲೆ ತಲೆಯಿಟ್ಟು ಅತ್ತಳು. ಆಸ್ಪತ್ರೆಯಿಂದ ಮಗಳನ್ನು ತಂದ ದಿನವೂ ಹಾಗೆ ಅತ್ತಿರಲಿಲ್ಲ. ಮರುದಿನ ತಾನೇ ಗುಣಪಾಲನ ಮನೆಗೆ ಹೋಗಿ, "ಆ ಹುಡುಗನ ಮನೆಯವರಿಗೆ ಬರ್ಲಿಕ್ಕೆ ಹೇಳು" ಎಂದಳು.

ಮದುವೆಯ ದಿನ ಮಣೆಯ ಮೇಲೆ ಒಂದು ಕಡೆ ಸೀರೆ, ಒಂದು ಕಡೆ ಪಂಚೆ. ಹುಡುಗನ ತಾಯಿ ಸೀರೆಯ ಮೇಲೆ ಕರಿಮಣಿ ಇಟ್ಟು, ಕುಶಲಕ್ಕನ ಹತ್ತಿರ ಸರಿದು ಕೂತಳು. ಹುಡುಗಿ ತುಂಬ ಓದಿದವಳು ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು.

"ನಮ್ಮವ ಎಸೆಸೆಲ್ಸಿ ಫೇಲು," ಎಂದಳು ಮೆಲ್ಲಗೆ. "ನಿಮ್ಮ ಮಗಳು ಒಪ್ತಾಳಾ?"

ಕುಶಲಕ್ಕ ಆ ಹೆಂಗಸಿನ ಕೈ ಹಿಡಿದುಕೊಂಡಳು.

"ಒಪ್ತಾಳೆ," ಎಂದಳು. "ಡೈನೋಸಾರಿನ ವಿಷಯ ಶುರು ಮಾಡಿದರೆ ಅವಳಿಗೆ ನಿಲ್ಲಿಸ್ಲಿಕ್ಕೆ ಗೊತ್ತಿಲ್ಲ. ನಿಮ್ಮ ಹುಡುಗ ಕೂತು ಕೇಳಿದರೆ ಸಾಕು. ಕೇಳುವವರು ಒಬ್ಬರು ಬೇಕು ಅವಳಿಗೆ. ನಾನು ಇಲ್ಲೇ ಉಳಿದೆನಲ್ಲ."