ಕಟ್ಟೆಯ ಮೇಲೆ ಕುಳಿತು ಕಟ್ಟೆ ಕೆಡವಿದವರು

ಮನೆಯ ವಿಷಯದಲ್ಲಿ ನನಗೆ ಸ್ವಂತ ಅಭಿಪ್ರಾಯ ಎಂದೂ ಇರಲಿಲ್ಲ; ಮನೆ ಮಾತ್ರ ಸ್ವಂತದ್ದು. ಬೆಟಗೇರಿಯ ನಮ್ಮ ಓಣಿಯಲ್ಲಿ ಇಂಥವನಿಗೆ ತೊಂದರೆಯೇನಿಲ್ಲ. ಅಲ್ಲಿ ಸ್ವಂತ ಮನೆ ಇದ್ದವರೆಲ್ಲ ಪಕ್ಕದವರ ಮನೆಯ ಬಗ್ಗೆ ಖಚಿತವಾದ ಅಭಿಪ್ರಾಯ ಇಟ್ಟುಕೊಂಡಿರುತ್ತಾರೆ. ಮಾಳಿಗೆ ಸೋರುತ್ತದೆ ಎಂದು ಬಾಯಿಬಿಟ್ಟರೆ ಸಾಕು, ಒಬ್ಬರು ಸವುಳು ಮಣ್ಣು ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಮಣ್ಣಿನ ಸಹವಾಸವೇ ಬೇಡ, ಮಂಗಳೂರು ಹಂಚು ಹೊದಿಸಿ ಎನ್ನುತ್ತಾರೆ. ಹೇಳಿದವರ ಮಾಳಿಗೆಯೂ ಸೋರುತ್ತಿರುತ್ತದೆ ಎಂಬುದು ಬೇರೆ ಮಾತು.

ಆಗ ಸ್ವಾತಂತ್ರ್ಯ ಬಂದು ಸ್ವಲ್ಪ ಕಾಲವಾಗಿತ್ತು, ಕರ್ನಾಟಕ ಒಂದಾಗುವುದು ಬಾಕಿ ಇತ್ತು. ದೇಶ ನಮ್ಮದಾದ ಮೇಲೆ ಗೋಡೆಗೆ ಸುಣ್ಣವನ್ನಾದರೂ ಬಳಿಸಬೇಡವೇ ಎನಿಸಿತೋ ಏನೋ, ಊರಿಗೆಲ್ಲ ಮನೆ ರಿಪೇರಿಯ ಹುಚ್ಚು ಹಿಡಿದಿತ್ತು. ಈ ವಿಷಯದ ದರಬಾರು ನಡೆಯುತ್ತಿದ್ದುದು ನಮ್ಮ ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ. ಶಾಲೆಯಲ್ಲಿ ಪಾಠ ಮುಗಿಸಿ ನಾನು ಬರುವಷ್ಟರಲ್ಲಿ ನೆರೆಯವರಿಬ್ಬರು ಅಲ್ಲಿ ಕುಳಿತಿರುತ್ತಿದ್ದರು. ಒಬ್ಬರು ಲಕ್ಷ್ಮೇಶ್ವರದಿಂದ ಬಂದು ಇಲ್ಲಿ ನೆಲೆಸಿದ ಗುಂಡಣ್ಣ. ಅವರ ಊರಿದ್ದ ಸಂಸ್ಥಾನ ದೇಶದಲ್ಲಿ ವಿಲೀನವಾಗಿತ್ತು, ಗುಂಡಣ್ಣ ಇನ್ನೂ ಆಗಿರಲಿಲ್ಲ. ನನ್ನ ಬಾಗಿಲನ್ನು ನೋಡಿದಾಗಲೆಲ್ಲ, “ಸಂಸ್ಥಾನದಾಗ ಇಂಥಾ ಬಾಗಲಾ ದನದ ಕೊಟ್ಟಿಗಿಗೆ ಹಚ್ಚತಿದ್ವಿ ಮಾಸ್ತರ” ಎಂದು ಮರುಗುತ್ತಿದ್ದರು.

ಇನ್ನೊಬ್ಬರು ಬಸೆಟ್ಟೆಪ್ಪನವರು. ಅರಳೆ ವ್ಯಾಪಾರವನ್ನು ಮಗನಿಗೆ ಒಪ್ಪಿಸಿದ್ದರು. ಮನೆ ತುಂಬ ಮಂದಿ, ಆದರೆ ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಆ ಮನೆಯಲ್ಲಿ ಮಾತು ಹುಟ್ಟುತ್ತಿರಲಿಲ್ಲ. ಆಕೆ ಬದುಕಿದ್ದಾಗ, ನೆಲ ಸಾರಿಸಿ ಸಾರಿಸಿ ಮೊಣಕಾಲು ಹೋದವು, ಅಡಿಗೆಮನೆಗೆ ಫರಸಿ ಕಲ್ಲು ಹಾಕಿಸಿರಿ ಎಂದು ಕೇಳುತ್ತಲೇ ಇದ್ದಳಂತೆ. ಇವರು ಬರುವ ದೀಪಾವಳಿಗೆ ಎನ್ನುತ್ತಲೇ ಇದ್ದರಂತೆ. ಫರಸಿ ಬಂತು, ಅದರ ಮೇಲೆ ನಡೆಯಲು ಆಕೆ ಇರಲಿಲ್ಲ. ಅದಕ್ಕೇ ಊರಿನ ಯಾವ ಮನೆಯ ಕೆಲಸಕ್ಕೂ ಬಸೆಟ್ಟೆಪ್ಪನವರಿಗೆ ಅಷ್ಟು ಅವಸರ. “ಮಾಡೂದಿದ್ರ ಇವತ್ತ ಮಾಡಸ್ರಿ. ನಾಳಿ ಅನಬ್ಯಾಡ್ರಿ” ಎನ್ನುವಾಗ ಅವರ ದನಿ ಸಣ್ಣದಾಗುತ್ತಿತ್ತು. ಆ ದನಿಗೆ ಎದುರಾಡಲು ನನ್ನಿಂದ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಇಬ್ಬರೂ ಎಂದಿಲ್ಲದಂತೆ ಒಂದೇ ಅಭಿಪ್ರಾಯಕ್ಕೆ ಬಂದರು. ಕಟ್ಟೆ ಕೆಡವಿ, ಆ ಜಾಗದಲ್ಲಿ ಕಿಟಕಿ ಇರುವ ಮುಂಗಡೆ ಖೋಲಿ ಕಟ್ಟಿಸಬೇಕು, ಕುರ್ಚಿ ಹಾಕಬೇಕು, ಗೋಡೆಗೆ ನೀಲಿ ಬಳಿಸಬೇಕು. “ಗೌರಕ್ಕಗೂ ಬೆಳಕಿನ್ಯಾಗ ಕುಂಡ್ರಾಕ ಒಂದು ಜಾಗಾ ಆಕ್ಕೈತ್ರಿ” ಎಂದರು ಬಸೆಟ್ಟೆಪ್ಪನವರು. ಒಳಗಿನಿಂದ ನನ್ನ ಹೆಂಡತಿ ಗೌರಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಅವರು ಎದ್ದು ಹೋದ ಮೇಲೆ ಒಂದೇ ಮಾತು ಕೇಳಿದಳು: “ಕಟ್ಟಿ ಕೆಡವಿದ್ರ ಬಸೆಟ್ಟೆಪ್ಪನವರು ಎಲ್ಲಿ ಕುಂಡ್ರತಾರ?”

“ಖೋಲ್ಯಾಗ ಕುಂಡ್ರತಾರ. ಕುರ್ಚಿ ಮ್ಯಾಲ” ಎಂದೆ ನಾನು, ದೊಡ್ಡ ಸಮಸ್ಯೆ ಬಿಡಿಸಿದವನ ಹಾಗೆ. ಅವಳು ನನ್ನನ್ನೊಮ್ಮೆ ನೋಡಿ ರೊಟ್ಟಿ ಬಡಿಯಲು ಹೋದಳು.

ಗೌಂಡಿ ಬಂದ, ಕಟ್ಟೆ ಹೋಯಿತು. ಅದರ ಕಲ್ಲುಗಳೆಲ್ಲ ಹೊಸ ಗೋಡೆಯ ಬುನಾದಿಗೆ ಇಳಿದವು. ಕನ್ನಡಿಗರ ನಡುವಿನ ಗಡಿಗಳೆಲ್ಲ ಅಳಿಯಬೇಕೆಂದು ಸಂಜೆ ಭಾಷಣ ಮಾಡುತ್ತಿದ್ದ ನಾವು ಮೂವರೂ ಬೆಳಿಗ್ಗೆ ನಿಂತು ಗೋಡೆ ಕಟ್ಟಿಸಿದೆವು. ಇದರಲ್ಲೇನಾದರೂ ವಿಚಿತ್ರ ಇದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಖೋಲಿ ಚೆನ್ನಾಗಿಯೇ ಆಯಿತು. ಮೊದಲ ಸಂಜೆ ಇಬ್ಬರೂ ಬಂದರು. ಹೊರಗೆ ಚಪ್ಪಲಿ ಬಿಟ್ಟರು, ಕಾಲು ತೊಳೆದರು, ಕುರ್ಚಿಯ ತುದಿಗೆ ಕುಳಿತರು. ಗೌರಕ್ಕ ಒಲೆ ಹೊತ್ತಿಸಿ ಚಹಾ ಮಾಡಿದಳು. ಗೋಡೆ ಚಂದ ಆಗಿದೆ ಎಂದರು, ನಾನು ಹೌದೆಂದೆ. ಮುಂದೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಕುರ್ಚಿಯಲ್ಲಿ ಕುಳಿತರೆ ಎದುರಿಗೆ ಬೀದಿ ಇಲ್ಲ, ಹಾದುಹೋಗುವ ಹೊಂಬಳದ ಕಡೆಯ ಎತ್ತಿನ ಗಾಡಿಗಳಿಲ್ಲ, ಟೀಕಿಸಲು ಎದುರು ಮನೆಯ ಮಾಳಿಗೆಯಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುವುದು ಕಷ್ಟದ ಕೆಲಸ. ಮರುದಿನ ಗುಂಡಣ್ಣ ಬರಲಿಲ್ಲ. ಆಮೇಲೆ ಬಸೆಟ್ಟೆಪ್ಪನವರೂ ಬರಲಿಲ್ಲ.

ನಮ್ಮ ಗದಗಿನ ತ್ರಿಕೂಟೇಶ್ವರ ಗುಡಿಯ ಮಂಟಪದಲ್ಲಿ ಅಂಚಿನುದ್ದಕ್ಕೂ ಕಲ್ಲಿನ ಆಸನಗಳಿವೆ. ಬೆನ್ನು ಆನಿಸಿಕೊಳ್ಳಲು ಹಿಂದಕ್ಕೆ ವಾಲಿದ ಕಲ್ಲು ಬೇರೆ. ಬಲ್ಲವರು ಅದಕ್ಕೆ ಕಕ್ಷಾಸನ ಎನ್ನುತ್ತಾರೆ. ಜನರಿಗೆ ದೇವರ ಹತ್ತಿರ ಹೇಳಿಕೊಳ್ಳುವುದು ಸ್ವಲ್ಪ, ಒಬ್ಬರ ಹತ್ತಿರ ಒಬ್ಬರು ಹೇಳಿಕೊಳ್ಳುವುದು ಬಹಳ ಎಂದು ಆ ಕಾಲದ ಶಿಲ್ಪಿಗೂ ಗೊತ್ತಿತ್ತು. ಕಟ್ಟೆಯ ಗುಣವೇ ಅದು. ಅಲ್ಲಿ ಕೂರಲು ಯಾರೂ ಕರೆಯಬೇಕಾಗಿಲ್ಲ, ಯಾಕೆ ಬಂದೆ ಎಂದು ಹೇಳಬೇಕಾಗಿಲ್ಲ. ಮನೆಯೊಳಗೆ ಬಂದವನು ಅತಿಥಿ. ದಿನಾಲೂ ಅತಿಥಿಯಾಗಲು ಮಾನವಂತನಿಗೆ ಸಂಕೋಚವಾಗುತ್ತದೆ. ಗೌರಕ್ಕ ಒಂದೇ ಪ್ರಶ್ನೆಯಲ್ಲಿ ಕೇಳಿದ್ದು ಇದನ್ನೇ.

ಒಂದು ಸಂಜೆ ಕಿಟಕಿಯಿಂದ ನೋಡಿದೆ. ಬಸೆಟ್ಟೆಪ್ಪನವರು ಕೈಯಲ್ಲಿ ಕೋಲು ಹಿಡಿದು ಬಂದರು. ನಮ್ಮ ಮನೆಯ ಮುಂದೆ ನಡಿಗೆ ನಿಧಾನವಾಯಿತು. ಮೊದಲು ಕಟ್ಟೆಯಿದ್ದ ಕಡೆ ಒಮ್ಮೆ ನೋಡಿ ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ತಿರುಗಿ ಹೋದರು. ಊರಿನವರ ಮನೆಗಳನ್ನೆಲ್ಲ ಸರಿಮಾಡಿಸಿದ ಮನುಷ್ಯನಿಗೆ ಕೂರಲು ಜಾಗವಿರಲಿಲ್ಲ.

ಮರುದಿನ ನಾನೇ ಅವರ ಮನೆಗೆ ಹೋದೆ. ಅಡಿಗೆಮನೆಗೆ ಹಾಕಿ ಮಿಕ್ಕಿದ ಫರಸಿಯೊಂದು ಹಿತ್ತಲಿನಲ್ಲಿ ಬಿದ್ದಿರುವುದು ಗೊತ್ತಿತ್ತು.

“ಆ ಫರಸಿ ನನಗ ಬೇಕಾಗೇತ್ರಿ” ಎಂದೆ.

“ಎದಕ್ಕ?”

“ಹಂಗ ಸುಮ್ನ. ಬಾಗಲದ ಮುಂದ ಹಾಕಾಕ.”

ಅವರು ಕಲ್ಲನ್ನು ನೋಡುತ್ತ ನಿಂತರು. ಕೊನೆಗೆ ಆಳನ್ನು ಕೂಗಿ ಗಾಡಿ ಕಟ್ಟಿಸಿದರು. ಹಿಂದೆಯೇ ತಾವೂ ನಡೆದು ಬಂದರು, ಏಕೆಂದರೆ ನಾನು ಕಲ್ಲನ್ನು ಸರಿಯಾಗಿ ಕೂರಿಸುತ್ತೇನೆಂಬ ನಂಬಿಕೆ ಅವರಿಗಿರಲಿಲ್ಲ. ಹೊಸ ಕಿಟಕಿಯ ಕೆಳಗೆ ಎರಡು ದಿಂಡುಗಲ್ಲಿನ ಮೇಲೆ ಫರಸಿ ಇಡಿಸಿದರು. ಆ ಕಡೆ ತಗ್ಗು, ಈ ಕಡೆ ಎತ್ತರ ಎಂದು ಸರಿಮಾಡಿಸಿದರು. ಅಲುಗಾಡುತ್ತದೆಯೋ ನೋಡಲು ಅದರ ಮೇಲೆ ಕುಳಿತರು. ಅಂಗೈಯಿಂದ ಕಲ್ಲನ್ನೊಮ್ಮೆ ಮೆಲ್ಲಗೆ ಸವರಿದರು. ಏಳಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ.

ಹೊಂಬಳದ ಗಾಡಿಯೊಂದು ಹಾದುಹೋಯಿತು. ಬಸೆಟ್ಟೆಪ್ಪನವರು ತಲೆಯೆತ್ತಿ ಹಿಂದಿನ ನೀಲಿ ಖೋಲಿಯನ್ನು ಮೇಲಿಂದ ಕೆಳಗೆ ನೋಡಿದರು.

“ಅಲ್ರಿ ಮಾಸ್ತರ, ಇಲ್ಲಿ ಎಂಥಾ ಚಲೋ ಕಟ್ಟಿ ಇತ್ತು. ಅದನ್ನ ಕೆಡವಂತ ನಿಮಗ ಯಾರ ಹೇಳಿದ್ರು?”

ಓಣಿಯ ತುದಿಯಲ್ಲಿ ಗುಂಡಣ್ಣ ಬರುವುದು ಕಂಡಿತು. ಇಬ್ಬರೂ ಸ್ವಲ್ಪ ಸರಿದು ಕುಳಿತೆವು.